ಕನ್ನಡಿ ಮೇಸ್ತ್ರಿ ಹಾಕಿದ ಒರಟು ನೆಲ

ನಮ್ಮ ಮನೆಯವರನ್ನು ಕೆಲಸದ ಕಡೆ ಎಲ್ಲರೂ ಕನ್ನಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಲ್ಲಿನ ನೆಲಕ್ಕೆ ಪಾಲಿಶ್ ಹಾಕುವುದು ಅವರ ಕಸುಬು. ಅವರು ತಿಕ್ಕಿದ ನೆಲದ ಮೇಲೆ ನಿಂತು ಬಗ್ಗಿದರೆ ಮುಖ ಮಾತ್ರವಲ್ಲ, ಮುಖದ ಮೇಲಿನ ಮೊಡವೆಯೂ ಕಾಣಬೇಕು. ಕಾಣದಿದ್ದರೆ ಕೆಲಸ ಮುಗಿದಿಲ್ಲವೆಂದೇ ಅವರ ಲೆಕ್ಕ. ಮದುವೆಯಾದ ಹೊಸದರಲ್ಲಿ ನಾನು ಒರೆಸಿದ ನೆಲವನ್ನು ಒಂದು ಕಣ್ಣು ಮುಚ್ಚಿಕೊಂಡು ಓರೆಯಾಗಿ ನೋಡಿ, "ಇಲ್ಲೊಂದು ಗೆರೆ ಉಳಿದಿದೆ" ಅಂದರು. ಒರೆಸುವ ಬಟ್ಟೆಯನ್ನು ಅವರ ಕೈಗೇ ಕೊಟ್ಟು ಒಳಗೆ ಹೋದೆ. ಅವತ್ತಿನಿಂದ ನಮ್ಮ ಮನೆಯ ನೆಲ ಒರೆಸುವವರು ಅವರೇ.

ಆ ಹೊಳಪಿಗೆಲ್ಲ ಅವರ ಎದೆ ತೆರ ತೆತ್ತಿತು. ಹರೆಯದಲ್ಲಿ ನೀರು ಬಿಡದ ಒಣ ಯಂತ್ರದಲ್ಲೇ ಕಲ್ಲು ಉಜ್ಜುತ್ತಿದ್ದರು. ಬಾಯಿಗೊಂದು ಕರವಸ್ತ್ರ ಕಟ್ಟಿಕೊಂಡರೆ ಮುಗಿಯಿತು. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯೊಳಗೆಲ್ಲ ಬೂದು ಬಣ್ಣದ ಹುಡಿ. ನಾನು ಅದನ್ನು ನೋಡಿ ನಗುತ್ತಿದ್ದೆ, ಅಜ್ಜ ಬಂದ ಎಂದು ರೇಗಿಸುತ್ತಿದ್ದೆ. ಆ ಹುಡಿ ಹುಬ್ಬಿನ ಮೇಲೆ ಮಾತ್ರ ಕೂರುತ್ತಿರಲಿಲ್ಲ ಎಂದು ಎದೆ ಆಸ್ಪತ್ರೆಯ ಡಾಕ್ಟರು ಎಕ್ಸ್-ರೇ ಚಿತ್ರ ಹಿಡಿದು ತೋರಿಸಿದಾಗಲೇ ಗೊತ್ತಾಗಿದ್ದು. "ಕೂತಿರೋ ಧೂಳನ್ನ ತೆಗೆಯೋಕಾಗಲ್ಲ. ಇನ್ನು ಮೇಲೆ ಧೂಳಿನ ಹತ್ರ ಸುಳೀಬೇಡಿ. ಇಲ್ಲಿಗೆ ಬಂದು ಉಸಿರಾಟದ ವ್ಯಾಯಾಮ ಮಾಡಿ, ತಪ್ಪಿಸ್ಬೇಡಿ. ಮಾಡಿದ್ರೆ ಎಷ್ಟೋ ವರ್ಷ ಚೆನ್ನಾಗಿರ್ತೀರಿ" ಅಂದರು. ಮಾಡದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇವರು ಸ್ವಲ್ಪ ದಿನ ಹೋದರು, ಆಮೇಲೆ ಬಿಟ್ಟರು. ಕೆಲಸವೂ ಹೋಯಿತು. ಬೆಳಿಗ್ಗೆ ಎದ್ದು ನೆಲ ಒರೆಸುವುದು, ಮತ್ತೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುವುದು. ಕೊನೆಗೆ ನೆಲ ಒರೆಸುವುದನ್ನೂ ನಿಲ್ಲಿಸಿದರು. ಅವತ್ತು ನನಗೆ ನಿಜವಾಗಿ ಭಯವಾಯಿತು. "ಏಳಿ, ಆಸ್ಪತ್ರೆಗೆ ಹೋಗೋಣ" ಅಂದರೆ, "ಉಸಿರು ಉಳಿಸಿಕೊಂಡು ಏನು ಮಾಡ್ಲಿ? ಯಾರ ಮನೆ ನೆಲ ತಿಕ್ಕೋದಿದೆ?" ಅನ್ನುತ್ತಿದ್ದರು. ಬೈದೆ, ಅತ್ತೆ, ಮಾತು ಬಿಟ್ಟು ನೋಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ನಾನು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ಅವರ ಎದೆಯ ಸುದ್ದಿ ಗೊತ್ತಾದ ಮೇಲೆ ಧೂಳು ಎಂಬುದೇ ನನ್ನ ಹಗೆಯಾಯಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಬಿಟ್ಟು ಸವೆದ ಸೋಪಿನ ಚೂರು ಹಿಡಿದೆ. ಕಂಬಳಿ, ರತ್ನಗಂಬಳಿ, ಹಳೆ ಪೇಪರಿನ ಕಟ್ಟು ಎಲ್ಲ ಹೊರಗೆ ಹೋದವು. ಚಪ್ಪಲಿ ಬಿಟ್ಟು ಕಾಲು ತೊಳೆಯದೆ ಒಳಗೆ ಬಂದವರಿಗೆ ನನ್ನ ಬಾಯಿಂದ ಆಶೀರ್ವಾದವಾಗುತ್ತಿತ್ತು. ನೆಂಟರು ಬರುವುದು ಕಡಿಮೆಯಾಯಿತು. ಅದರಿಂದ ಒಂದಷ್ಟು ಲಾಭವೂ ಆಯಿತು.

ಇಂಥ ಮನೆಗೆ ಮಗಳು ಒಂದು ಸಂಜೆ ಗಾಜಿನ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೈಕೆಳಗೆ ಕೆಲಸ ಮಾಡುತ್ತಾಳೆ. ಯಾರೋ ಮನೆ ಖಾಲಿ ಮಾಡುವಾಗ ಸಾಕಿದ ಪ್ರಾಣಿಯನ್ನು ಆಸ್ಪತ್ರೆಯ ಬಾಗಿಲಲ್ಲಿಟ್ಟು ಹೋಗಿದ್ದರಂತೆ. ಒಳ್ಳೆಯ ಮನೆ ಸಿಗುವವರೆಗೆ ಇಲ್ಲಿರಲಿ ಎಂದಳು. ಬಗ್ಗಿ ನೋಡಿದರೆ ಹಲ್ಲಿ. ಅಂಗೈ ಮೀರಿದ ಉದ್ದ, ಹಳದಿ ಮೈ, ಮೇಲೆಲ್ಲ ಕಪ್ಪು ಚುಕ್ಕೆ, ಮೂಲಂಗಿಯಂಥ ದಪ್ಪ ಬಾಲ.

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ಗೋಡೆ ಮೇಲಿರೋ ಹಲ್ಲಿ ಸಾಲದು ಅಂತ ಇದನ್ನ ಬೇರೆ ತಂದ್ಯಾ?" ಅಂದೆ.

"ಇದು ಲೆಪರ್ಡ್ ಗೆಕೊ ಕಣಮ್ಮ. ಗೋಡೆ ಹತ್ತಲ್ಲ. ಇದರ ಕಾಲಲ್ಲಿ ಅಂಟು ಇಲ್ಲ, ಉಗುರು ಮಾತ್ರ. ಹುಟ್ಟಿದಾಗಿಂದ ಸಾಯೋವರೆಗೂ ನೆಲದ ಮೇಲೇ ಇರೋದು."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಈ ಕಡೆ ಹೊರಳಿದರು. "ಈಗ ಯಾವ ನೆಲದ ಮೇಲಿದೆ?" ಎಂದು ಕೇಳಿದರು.

"ಪೇಪರ್ ಹಾಸಿದ್ದೀವಪ್ಪ, ಸದ್ಯಕ್ಕೆ."

ಅವರು ಎದ್ದು ಕೂತರು. ಪೆಟ್ಟಿಗೆಯ ಹತ್ತಿರ ಬಂದು ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿದರು. ಆ ಪ್ರಾಣಿ ರೆಪ್ಪೆ ಬಡಿದು ಅವರನ್ನು ನೋಡಿತು. ಮನೆ ಹಲ್ಲಿಗೆ ರೆಪ್ಪೆ ಇಲ್ಲ, ಇದಕ್ಕಿದೆ ಎಂದು ಮಗಳು ವಿವರಿಸುತ್ತಿದ್ದಳು, ಇವರು ಕೇಳಿಸಿಕೊಳ್ಳಲಿಲ್ಲ. "ನೆಲದ ಮೇಲೆ ಬದುಕೋ ಜೀವಕ್ಕೆ ಪೇಪರ್ ಹಾಸ್ತಾರಾ? ಇದಕ್ಕೊಂದು ನೆಲ ಹಾಕ್ಬೇಕು" ಅಂದರು. ಅವರ ಬಾಯಲ್ಲಿ 'ಬೇಕು' ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಆ ಹಲ್ಲಿಯ ಮೇಲಿನ ಸಿಟ್ಟನ್ನು ನಾನು ಅಲ್ಲೇ ನುಂಗಿಕೊಂಡೆ.

ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟವರೂ ಅವರೇ. ಮರುದಿನ ಸಾಕುಪ್ರಾಣಿಗಳ ಅಂಗಡಿಗೆ ನಡೆದುಕೊಂಡೇ ಹೊರಟರು. ನಾನೂ ಹಿಂದೆ ಹೋದೆ. ಅಂಗಡಿಯವನು ಬಣ್ಣಬಣ್ಣದ ಮರಳಿನ ಚೀಲ ತಂದಿಟ್ಟ. ಇವರು ಅಂಗೈ ಒದ್ದೆ ಮಾಡಿಕೊಂಡು ಮರಳಿನ ಮೇಲೆ ಒತ್ತಿ ಎತ್ತಿದರು. ಕೈಗೆ ಹಿಟ್ಟಿನಂಥ ನೀಲಿ ಹುಡಿ ಅಂಟಿತ್ತು.

"ಇದು ಉಸಿರಾಡೋ ಪ್ರಾಣಿಗೋ, ಆಟದ ಬೊಂಬೆಗೋ?"

"ಎಲ್ರೂ ಇದನ್ನೇ ಒಯ್ತಾರೆ ಯಜಮಾನ್ರೇ."

"ಎಲ್ರೂ ಬಾವಿಗೆ ಬಿದ್ರೆ ನಾನೂ ಬೀಳ್ಬೇಕಾ? ನನ್ನ ಎದೆಯೊಳಗೆ ಒಂದು ಚೀಲ ಇಂಥದ್ದೇ ಇದೆ. ಇದಕ್ಕೆ ಅದು ಬೇಡ."

ಅಂಗಡಿಯವನಿಗೆ ಅರ್ಥವಾಗಲಿಲ್ಲ. ಪಾಪ, ಅವನದೇನು ತಪ್ಪು. ಮನೆಯ ಮೆಟ್ಟಿಲ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತ ಇವರು ತೀರ್ಮಾನ ಹೇಳಿದರು: ಮರಳಿಲ್ಲ, ಮಣ್ಣಿಲ್ಲ, ಒಂದು ಕಣ ಧೂಳೂ ಇಲ್ಲ, ಕಲ್ಲಿನ ನೆಲ. ನನಗೂ ಅದೇ ಸರಿ ಅನ್ನಿಸಿತು.

ಬಚ್ಚಲ ಹಿಂದೆ ಹಳೆಯ ಕೆಲಸಗಳಲ್ಲಿ ಉಳಿದ ಕರಿಕಲ್ಲಿನ ತುಂಡುಗಳಿದ್ದವು. ಪೆಟ್ಟಿಗೆಯ ಅಳತೆಗೆ ಹೊಂದುವವನ್ನು ಆರಿಸಿ, ನೀರು ಬಿಟ್ಟುಕೊಂಡು, ಪಾಲಿಶ್ ಕಲ್ಲಿನಿಂದ ಕೈಯಲ್ಲೇ ಉಜ್ಜಲು ಕೂತರು. ನೀರಿದ್ದರೆ ಹುಡಿ ಏಳುವುದಿಲ್ಲವೆಂದು ನಾನು ಸುಮ್ಮನಿದ್ದೆ. ಸ್ವಲ್ಪ ಉಜ್ಜುವುದು, ಗೋಡೆಗೆ ಒರಗುವುದು, ಮತ್ತೆ ಉಜ್ಜುವುದು. ಬಚ್ಚಲುಮನೆ ಅವರ ಪಾಲಾಯಿತು. ನಾನೂ ಮಗಳೂ ಅಪ್ಪಣೆ ಕೇಳಿ ಸ್ನಾನ ಮಾಡಬೇಕಾಯಿತು. ನೆಲಕ್ಕೆ ಮೂರು ಚಪ್ಪಡಿ, ಅಡಗಿಕೊಳ್ಳಲು ಚಪ್ಪಟೆ ಕಲ್ಲುಗಳ ಗುಹೆ, ಯಾವ ಅಂಚೂ ಚುಚ್ಚದಂತೆ ಎಲ್ಲ ಮೂಲೆಯೂ ದುಂಡಗೆ. ಒಂದು ಒಣ ಕೊಂಬೆ ತಂದು ಅದರ ತೊಗಟೆ ಸುಲಿದು ಲಟ್ಟಣಿಗೆಯಷ್ಟು ನುಣ್ಣಗೆ ಮಾಡಿದರು. ಎಲ್ಲ ಜೋಡಿಸಿ ದೀಪ ಹಾಕಿದಾಗ ಗಾಜಿನ ಪೆಟ್ಟಿಗೆ ಒಡವೆ ಅಂಗಡಿಯ ಹಾಗೆ ಮಿನುಗಿತು.

ಚುಕ್ಕಿಯನ್ನು ಒಳಗೆ ಬಿಟ್ಟೆವು. ಅದು ಕೆಳಗೆ ನೋಡಿತು. ಕೆಳಗಿನಿಂದ ಇನ್ನೊಂದು ಚುಕ್ಕಿ ಮೇಲೆ ನೋಡಿತು. ಬೆಚ್ಚಿ ಹಿಂದೆ ಸರಿಯಲು ಹೋಗಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿದವು.

"ಹೊಸ ಮನೆ. ಅಭ್ಯಾಸ ಆಗುತ್ತೆ" ಅಂದರು ಇವರು.

"ಅಪ್ಪ, ಸ್ವಲ್ಪ ಒರಟಾಗಿರಬೇಕಿತ್ತೇನೋ. ಅದು ಉಗುರೂರಿ ನಡೆಯೋ ಪ್ರಾಣಿ."

"ಒರಟು ಕೆಲಸ ನನ್ನ ಕೈಯಲ್ಲಿ ಬರಲ್ಲ ಮಗಳೇ."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಚುಕ್ಕಿ ಗುಹೆಯ ಮೂಲೆ ಸೇರಿ ಅಲ್ಲೇ ಉಳಿಯಿತು. ಹುಳು ಕೊಟ್ಟರೆ ಬಂದು ತಿನ್ನುವುದು, ಜಾರುತ್ತ ಹಿಂದಿರುಗುವುದು. ಇವರು ಮಾತ್ರ ದಿನವೂ ಬೆಳಿಗ್ಗೆ ಎದ್ದು ಆ ಕಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಒರೆಸಿದ ಮೇಲೆ ಮನೆಯ ನೆಲವನ್ನೂ ಒರೆಸುತ್ತಿದ್ದರು. ಅದನ್ನು ಕಂಡು ನನ್ನ ಹೊಟ್ಟೆ ತಣ್ಣಗಾಗಿತ್ತು, ಹಾಗಾಗಿ ಹಲ್ಲಿ ಜಾರುವುದನ್ನು ನಾನೂ ದೊಡ್ಡದು ಮಾಡಲಿಲ್ಲ.

ಕೆಲವು ವಾರಗಳಲ್ಲಿ ಚುಕ್ಕಿಯ ಬಣ್ಣ ಮಾಸಿತು. ಮೈಯೆಲ್ಲ ಬಿಳಿಚಿಕೊಂಡು ತೆಳು ಕಾಗದ ಸುತ್ತಿದಂತಾಯಿತು. ಪೊರೆ ಬಿಡುವ ಹೊತ್ತು ಎಂದಳು ಮಗಳು. ಅದು ಮೂಗನ್ನು ಕಲ್ಲಿಗೆ ಉಜ್ಜಿತು, ಮೂಗು ಜಾರಿತು. ಕೊಂಬೆಗೆ ಉಜ್ಜಿತು, ಅಲ್ಲೂ ಜಾರಿತು. ಮೈಯ ಪೊರೆಯನ್ನು ಬಾಯಿಂದ ಹೇಗೋ ಎಳೆದು ತಿಂದಿತು. ಬೆರಳುಗಳಲ್ಲಿ ಮಾತ್ರ ಪೊರೆ ಹಾಗೇ ಉಳಿಯಿತು. ಎರಡು ದಿನಕ್ಕೆ ಅದು ಒಣಗಿ, ದಾರ ಬಿಗಿದಂತೆ ಹಿಡಿದು, ಮುಂಗಾಲಿನ ಬೆರಳುಗಳು ಕೆಂಪಗೆ ಊದಿಕೊಂಡವು.

ಡಾಕ್ಟರಮ್ಮ ಮನೆಗೇ ಬಂದರು. ಬೆಚ್ಚಗಿನ ನೀರಿನ ಬಟ್ಟಲಲ್ಲಿ ಚುಕ್ಕಿಯ ಕಾಲು ನೆನೆಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಬೆರಳಿನ ಪೊರೆ ಬಿಡಿಸಿದರು. ಇವರು ಎದುರಿಗೆ ಕೂತು ಕೈ ಹಿಸುಕಿಕೊಳ್ಳುತ್ತಿದ್ದರು.

"ಒಂದು ಬೆರಳಿನ ತುದಿ ಉಳಿಯೋದು ಅನುಮಾನ. ಪೊರೆ ಬಿಡೋಕೆ ಇದಕ್ಕೆ ಮೈ ಉಜ್ಜಿಕೊಳ್ಳೋ ಜಾಗ ಬೇಕು ಯಜಮಾನ್ರೇ. ಇಲ್ಲಿ ಉಜ್ಜಿಕೊಳ್ಳೋಕೆ ಏನಿದೆ, ನೀವೇ ಹೇಳಿ" ಅಂದರು ಡಾಕ್ಟರಮ್ಮ.

ಇವರು ತಾವು ನುಣ್ಣಗೆ ಮಾಡಿದ ಕೊಂಬೆಯ ಮೇಲೆ ಬೆರಳಾಡಿಸಿದರು.

"ಗಟ್ಟಿಯಾಗಿ ಒತ್ತಿದ ಮಣ್ಣು ಬೇಕು. ಏಳು ಪಾಲು ಮಣ್ಣು, ಮೂರು ಪಾಲು ಮರಳು, ಸರಿಯಾಗಿ ಕೂತರೆ ಧೂಳು ಏಳಲ್ಲ. ಒರಟು ಕಲ್ಲು, ತೊಗಟೆ ಇರೋ ಕೊಂಬೆ, ತೇವ ಇರೋ ಪಾಚಿಯ ಒಂದು ಗೂಡು. ನಿಮ್ಮ ಆರೋಗ್ಯದ ವಿಷಯ ನಿಮ್ಮ ಮಗಳು ಹೇಳಿದ್ದಾಳೆ, ಮಣ್ಣು ಮರಳಿನ ಕೆಲಸ ನಿಮ್ಮಿಂದ ಆಗದೇ ಇರಬಹುದು. ಬೇರೆ ಒಂದು ಮನೆಯವರು ಸಾಕ್ತೀವಿ ಅಂತ ಕೇಳ್ತಿದ್ದಾರೆ. ಮುಂದಿನ ಸಲ ಪೊರೆ ಬಿಡೋವರೆಗೆ ನೋಡ್ತೀನಿ. ಆಗಲೂ ಬೆರಳಿಗೆ ಸಿಕ್ಕಿಕೊಂಡ್ರೆ ಒಯ್ಯಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಡಾಕ್ಟರಮ್ಮ ಹೋದ ಮೇಲೆ ಇವರು ಊಟ ಬೇಡವೆಂದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಚುಕ್ಕಿ ಹೋದರೆ ಇವರು ಮತ್ತೆ ಏಳುವುದಿಲ್ಲ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಿತ್ತು. ಮಗಳಿಗೂ ಗೊತ್ತಿತ್ತು. ಅವಳು ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು ಅಳುತ್ತಿದ್ದಳು.

ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ. ಇವರು ಗಾಜಿನ ಪೆಟ್ಟಿಗೆಯ ಮುಂದೆ ಕೂತಿದ್ದರು.

"ನನ್ನ ನೆಲದ ಮೇಲೆ ಇದುವರೆಗೆ ಯಾರೂ ಬಿದ್ದಿಲ್ಲ ಕಣೇ."

"ಬಿದ್ದಿರ್ತಾರೆ. ನಿಮಗೆ ಬಂದು ಹೇಳಿಲ್ಲ ಅಷ್ಟೆ."

ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಅಂದರು: "ಹಾಕಿದ ನೆಲ ಕೀಳೋದು ನನಗೇನು ಹೊಸದಲ್ಲ. ಮಣ್ಣು ತರ್ತೀನಿ. ಮರಳೂ ತರ್ತೀನಿ."

"ಮರಳು ಈ ಮನೆ ಒಳಗೆ ಬಂದ್ರೆ ನಾನು ಹೊರಗೆ" ಅಂದೆ. ತಮಾಷೆಗೆ ಅಂದದ್ದಲ್ಲ. ಇಷ್ಟು ದಿನ ಒಂದು ಸೀಮೆಸುಣ್ಣ ಹತ್ತಿರ ಬಿಟ್ಟುಕೊಳ್ಳದೆ ಕಾದಿದ್ದು ಮರಳು ತಂದು ಸುರಿಯುವುದಕ್ಕಾ? ಬಾಯಿಗೆ ಬಂದದ್ದೆಲ್ಲ ಅಂದೆ. ಅವರ ಹಟ, ಅವರಿಗೆ ಒಣ ಯಂತ್ರ ಕೊಟ್ಟ ಮೇಸ್ತ್ರಿಗಳು, ಅವರ ಕರವಸ್ತ್ರ, ಯಾವುದನ್ನೂ ಬಿಡಲಿಲ್ಲ. ಅವರು ಪೂರ್ತಿ ಕೇಳಿ, "ಆಯ್ತಾ?" ಎಂದು ಕೇಳಿ, ಅಂಗಿ ಹಾಕಿಕೊಳ್ಳಲು ಎದ್ದರು.

ನಾನು ಹೊಲಿಗೆ ಯಂತ್ರದ ಮುಂದೆ ಕೂತು ಲೆಕ್ಕ ಹಾಕಿದೆ. ಬಿಟ್ಟರೆ ಇವರು ಧೂಳಿಗೆ ಹೋಗುತ್ತಾರೆ, ತಡೆದರೆ ಹಾಸಿಗೆಗೆ ಹೋಗುತ್ತಾರೆ. ಎರಡು ಕಡೆಯೂ ಸೋಲು ನನ್ನದೇ. ಹೀಗೂ ಸೋಲಬಾರದು, ಹಾಗೂ ಸೋಲಬಾರದು ಅಂದರೆ ಇನ್ನೊಂದೇ ದಾರಿ. ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ನೀವು ಒಂದು ಕಾಳು ಮುಟ್ಟೋ ಹಾಗಿಲ್ಲ. ನಾನು ಮಾಡ್ತೀನಿ. ದೂರ ಕೂತು ಹೇಳಿ, ಅಷ್ಟೆ."

"ನಿನಗೆ ಬರಲ್ಲ."

"ನಿಮಗೆ ಹಲ್ಲಿಗೆ ನೆಲ ಹಾಕೋದು ಬರ್ತಿತ್ತಾ?"

ಅವರು ಹಾಕಿಕೊಂಡಿದ್ದ ಅಂಗಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದರು.

ಮನೆ ಕಟ್ಟುತ್ತಿದ್ದ ಕಡೆಯಿಂದ ಮಗಳು ಎರಡು ಬಕೆಟ್ ಮರಳು ಕೇಳಿ ತಂದಳು. ಗಿಡಗಳನ್ನು ಮಾರುವವನ ಹತ್ತಿರ ಗೊಬ್ಬರ, ಔಷಧಿ ಯಾವುದೂ ಸೇರದ ಬರೀ ಮಣ್ಣು ಸಿಕ್ಕಿತು. ಎರಡನ್ನೂ ಒದ್ದೆ ಗೋಣಿಯಲ್ಲಿ ಮುಚ್ಚಿ ನೇರವಾಗಿ ತಾರಸಿಗೆ ಸಾಗಿಸಿದೆವು. ಇವರು ಮೆಟ್ಟಿಲ ಬಾಗಿಲ ಒಳಗೆ, ಮೂಗು ಬಾಯಿ ಮುಚ್ಚಿಕೊಂಡು, ಕುರ್ಚಿ ಹಾಕಿ ಕೂತರು. ನಾನು ಸೆರಗು ಸಿಕ್ಕಿಸಿ ಮರಳು ತೊಳೆಯಲು ನಿಂತೆ.

ಬಕೆಟಿಗೆ ನೀರು ಬಿಡು, ಕೈಯಾಡಿಸು, ಕದಡಿದ ನೀರು ಚೆಲ್ಲು, ಮತ್ತೆ ಬಿಡು. ನೀರು ಮೊದಲು ಚಹಾದ ಬಣ್ಣ, ಆಮೇಲೆ ಅಕ್ಕಿ ತೊಳೆದ ನೀರಿನ ಬಣ್ಣ. "ಸಾಕಲ್ವಾ?" ಅಂದರೆ, "ಇನ್ನೊಂದು ನೀರು." ಸ್ವಲ್ಪ ಹೊತ್ತಿನ ಮೇಲೆ ಕೇಳಿದರೂ "ಇನ್ನೊಂದು ನೀರು." ಸೊಂಟ ಬಿದ್ದುಹೋಯಿತು. ಇವರ ಕೈಕೆಳಗೆ ಕೆಲಸಕ್ಕಿದ್ದವರು ಯಾಕೆ ಬೈದುಕೊಂಡು ಓಡಾಡುತ್ತಿದ್ದರೆಂದು ನನಗೆ ಅವತ್ತು ಅರ್ಥವಾಯಿತು. "ನಿಮ್ಮ ಕೆಲಸ ಬೇಡ, ನಾನು ಬಿಟ್ಟೆ" ಎಂದು ಕೈ ಒರೆಸಿಕೊಂಡು ಕೆಳಗಿಳಿದೆ. ಚಹಾ ಕುಡಿದು ಮತ್ತೆ ಹತ್ತಿ ಹೋದೆ. ಅವರು ಏನೂ ಆಗಿಲ್ಲವೆಂಬಂತೆ, "ಇನ್ನೊಂದು ನೀರು" ಅಂದರು. ಕೊನೆಗೆ ಬಕೆಟಿನ ನೀರಿನಲ್ಲಿ ಮರಳಿನ ಒಂದೊಂದು ಕಾಳೂ ಎಣಿಸುವ ಹಾಗೆ ಕಂಡಿತು. ಅವರು ಇಣುಕಿ ನೋಡಿ ತಲೆಯಾಡಿಸಿದರು. ಆ ಮೆಚ್ಚುಗೆ ನನ್ನ ಅಡುಗೆಗೆ ಒಂದು ದಿನವೂ ಸಿಕ್ಕಿದ್ದಲ್ಲ.

ಏಳು ಪಾಲಿಗೆ ಮೂರು ಪಾಲು ಬೆರೆಸಿದ್ದೂ ನಾನೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು, ಅದೇ ಹದ ಎಂದರು. ಹಾಸಲು ಹೋಗುವಷ್ಟರಲ್ಲಿ ಮಗಳು ತಡೆದಳು. "ಕಲ್ಲು ಮೊದಲು, ಮಣ್ಣು ಆಮೇಲೆ. ಮಣ್ಣಿನ ಮೇಲೆ ಕಲ್ಲಿಟ್ಟರೆ ಚುಕ್ಕಿ ಕೆಳಗೆ ತೋಡಿದಾಗ ಕಲ್ಲು ಕುಸಿದು ಅದರ ಮೇಲೇ ಬೀಳುತ್ತೆ."

ಇವರು ಜೀವಮಾನವೆಲ್ಲ ಮಣ್ಣು ಹಾಸಿ ಅದರ ಮೇಲೆ ಕಲ್ಲು ಕೂರಿಸುವುದನ್ನು ನೋಡಿದವರು. "ಬುಡ ಇಲ್ಲದೆ ಕಲ್ಲಾ?" ಎಂದು ಪೆಟ್ಟಿಗೆಯ ತಳವನ್ನು ಬೆರಳಿನಿಂದ ತಟ್ಟಿ ನೋಡಿದರು. ಕೊನೆಗೆ, "ಸರಿ, ಗಾಜೇ ಬುಡ" ಅಂದರು.

ಇನ್ನು ಒರಟು ಕಲ್ಲು. ನಾನು ಪಾಚಿಯ ಗೂಡಿಗೆಂದು ಒಂದು ಡಬ್ಬಿ ತೊಳೆದು ತರುವಷ್ಟರಲ್ಲಿ ಇವರು ಬಚ್ಚಲಲ್ಲಿ ಉಳಿ ಸುತ್ತಿಗೆ ಹಿಡಿದು, ತಾವೇ ಪಾಲಿಶ್ ಮಾಡಿದ ಕಲ್ಲನ್ನು ಮುಂದಿಟ್ಟುಕೊಂಡು ಕೂತಿದ್ದರು. ಏಟು ಹಾಕಿ ಹೊಳಪು ಕೆಡಿಸಲು ಹೊರಟಿದ್ದಾರೆ. ಒಂದು ಏಟಿಗೆ ಎಷ್ಟು ಹುಡಿ ಹಾರುತ್ತದೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಉಳಿ ಕಿತ್ತುಕೊಂಡೆ. ಕಲ್ಲನ್ನು ಎತ್ತಿ ಪಕ್ಕಕ್ಕಿಡಲು ಹೋದಾಗ ಅದರ ಹಿಂಭಾಗ ನನ್ನ ಅಂಗೈಯನ್ನು ತರಚಿತು.

"ಇದರ ಒಳಮೈ ಒರಟೇ ಇದೆಯಲ್ಲ. ತಿರುವಿ ಹಾಕಿ."

"ಪಾಲಿಶ್ ಮುಖ ಕೆಳಗಾ?" ಅವರು ನನ್ನನ್ನು ನೋಡಿದ ರೀತಿಗೆ, ನಾನು ಮಗಳನ್ನು ತಲೆಕೆಳಗೆ ನೇತುಹಾಕಿ ಅಂದೆನೋ ಎಂದುಕೊಳ್ಳಬೇಕು. "ಹಾಗೆ ಹಾಕಿದವನನ್ನ ಮೇಸ್ತ್ರಿ ಅಂತಾರಾ?"

"ನಿಮ್ಮನ್ನ ಯಾರೂ ಏನೂ ಅನ್ನಲ್ಲ. ಚುಕ್ಕಿಗೆ ಬೆರಳು ಬೇಕೋ, ನಿಮಗೆ ಮುಖ ಬೇಕೋ, ಹೇಳಿ."

ಅವರು ಕಲ್ಲಿನ ಹೊಳೆಯುವ ಮುಖದ ಮೇಲೆ ಒಮ್ಮೆ ಅಂಗೈ ಆಡಿಸಿದರು. ಆಮೇಲೆ ತಾವೇ ತಿರುವಿದರು. ನೆಲದ ಚಪ್ಪಡಿಗಳನ್ನು ಹೊರಗಿಟ್ಟು, ಗುಹೆಯ ಕಲ್ಲುಗಳನ್ನೆಲ್ಲ ಹಾಗೇ, ಉಬ್ಬುತಗ್ಗಿನ ಬೆನ್ನು ಮೇಲೆ ಮಾಡಿ, ಗಾಜಿನ ಮೇಲೆ ಅಲುಗದಂತೆ ಕೂರಿಸಿದರು. ವಾರಗಟ್ಟಲೆ ಉಸಿರು ಸುರಿದು ತಂದ ಹೊಳಪೆಲ್ಲ ಯಾರಿಗೂ ಕಾಣದ ಕಡೆ ಹೋಯಿತು. ನನಗೆ ಸಂಕಟವಾಯಿತು. ಅವರು ಮಾತ್ರ, "ಮಣ್ಣು ತಾ" ಅಂದರು.

ಒದ್ದೆ ಮಣ್ಣನ್ನು ಕಲ್ಲುಗಳ ಸುತ್ತ ತುಂಬಿ, ಪದರ ಪದರವಾಗಿ ಅಂಗೈಯಿಂದ ಒತ್ತುತ್ತ ಬಂದೆ. ಅದು ಒಣಗಿದ ಮೇಲೆ ಊದಿ ನೋಡಿದೆ. ಒಂದು ಕಣವೂ ಏಳಲಿಲ್ಲ. ಅಷ್ಟರಲ್ಲಿ ಇವರು ನೆಲದ ಏರುತಗ್ಗು ನೋಡುವ ರಸಮಟ್ಟ ಹಿಡಿದು ಬಂದರು. ಎಡಗಡೆ ಒಂದು ಬೆರಳು ಏರಿದೆಯಂತೆ. "ಹಲ್ಲಿಗೆ ರಸಮಟ್ಟ ಓದೋಕೆ ಬರಲ್ಲ, ಏರಿರಲಿ" ಎಂದು ಕಿತ್ತುಕೊಂಡು ನನ್ನ ಬಟ್ಟೆಗಳ ಕೆಳಗೆ ಬಚ್ಚಿಟ್ಟೆ. ಹುಡುಕಿದ್ದರೋ ಏನೋ, ಕೇಳಲಿಲ್ಲ.

ಕೊಂಬೆಗಾಗಿ ಇಡೀ ಬೀದಿ ಸುತ್ತಿದೆವು. ವಿದ್ಯುತ್ ತಂತಿಗೆ ತಾಗುತ್ತದೆಂದು ಕಡಿದು ಹಾಕಿದ ಮರದ ರೆಂಬೆಗಳನ್ನು ಇವರು ಒಂದೊಂದಾಗಿ ಮೂಸಿ ನೋಡಿದರು. ಅಂಟು ಒಸರುವುದು ಬೇಡ, ಘಾಟು ವಾಸನೆಯದು ಬೇಡ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಂದು ಸೊಟ್ಟ ಕೊಂಬೆ ಒಪ್ಪಿಗೆಯಾಯಿತು, ಮೈತುಂಬ ಬಿರುಕುಬಿಟ್ಟ ತೊಗಟೆ. ಅದನ್ನೂ ಒಂದಿಷ್ಟು ಒಣ ಎಲೆಗಳನ್ನೂ ಹುಳ ಸಾಯಲೆಂದು ಕುದಿಸಬೇಕಿತ್ತು. ನನ್ನ ದೊಡ್ಡ ಪಾತ್ರೆಯಲ್ಲಿ ಕುದಿಸಿದರು. ಆ ಪಾತ್ರೆಯಲ್ಲಿ ಇನ್ನು ನಾನು ಅಡುಗೆ ಮಾಡುವುದಿಲ್ಲ ಅಂದೆ. "ಹಾಗಾದ್ರೆ ನನಗಾಯ್ತು" ಎಂದು ಅದನ್ನು ತೆಗೆದೇ ಇಟ್ಟುಕೊಂಡರು.

ಚುಕ್ಕಿಯನ್ನು ಮತ್ತೆ ಬಿಟ್ಟಾಗ ಅದು ಮೊದಲ ಹೆಜ್ಜೆಯಲ್ಲೇ ಉಗುರೂರಿತು. ಜಾರಲಿಲ್ಲ. ನಿಂತು, ಇನ್ನೊಂದು ಕಾಲು ಇಟ್ಟಿತು. ತಲೆ ಎತ್ತಿ, ಹೊಟ್ಟೆ ನೆಲಕ್ಕೆ ತಾಗದಂತೆ ಎತ್ತಿಕೊಂಡು, ಆ ತುದಿಯವರೆಗೆ ನಡೆದುಹೋಯಿತು. ಅದು ನಡೆಯುವ ಪ್ರಾಣಿ ಎಂದು ನನಗೆ ಗೊತ್ತಾದದ್ದೇ ಅವತ್ತು. ಕೆಟ್ಟಿದ್ದ ಬೆರಳಿನ ತುದಿ ಒಣಗಿ ಉದುರಿಹೋಗಿತ್ತು. ಇವರು ಆ ಬೆರಳನ್ನೇ ನೋಡುತ್ತಿದ್ದರು.

ಆಮೇಲಿನದು ಕಾಯುವ ಕೆಲಸ. ಒಳ್ಳೆಯ ನೆಲವೋ ಅಲ್ಲವೋ ಎಂಬುದನ್ನು ನಾವು ಹೇಳುವಂತಿರಲಿಲ್ಲ, ಪೊರೆ ಹೇಳಬೇಕು. ಇವರು ಬೆಳಿಗ್ಗೆ ಎದ್ದವರು ಮೊದಲು ಪಾಚಿಯ ಗೂಡಿಗೆ ನೀರು ಚಿಮುಕಿಸುತ್ತಿದ್ದರು. ನಾನು ಆ ಸಮಯ ನೋಡಿ ಆಸ್ಪತ್ರೆಯ ಮಾತೆತ್ತುತ್ತಿದ್ದೆ. "ಇದು ಒಂದು ದಡ ಸೇರಲಿ" ಅನ್ನುತ್ತಿದ್ದರು. ಮೆಟ್ಟಿಲು ಹತ್ತುವಾಗಿನ ಏದುಸಿರು ಹಾಗೇ ಇತ್ತು, ಹೆಚ್ಚೇ ಆಗಿತ್ತು. ನಾನು ಒಂದು ಕಣ್ಣು ಹಲ್ಲಿಯ ಮೇಲೆ, ಒಂದು ಕಣ್ಣು ಅವರ ಎದೆಯ ಮೇಲೆ ಇಟ್ಟು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ.

ಒಂದು ಮಧ್ಯಾಹ್ನ ಚುಕ್ಕಿ ಬಿಳಿಚಿಕೊಂಡಿತು. ಸಂಜೆಗೆ ಪಾಚಿಯ ಗೂಡಿನಿಂದ ಒದ್ದೆ ಮೈಯಲ್ಲಿ ಹೊರಗೆ ಬಂದು, ತಿರುವಿ ಹಾಕಿದ ಕಲ್ಲಿಗೆ ಮೂಗು ಒತ್ತಿ ಉಜ್ಜಿತು. ಪೊರೆ ಅಲ್ಲೇ ಸೀಳಿತು. ಕೆನ್ನೆ ಉಜ್ಜಿತು, ಕತ್ತು ಉಜ್ಜಿತು, ತೊಗಟೆಯ ಮೇಲೆ ಹತ್ತಿ ಹೊಟ್ಟೆ ಉಜ್ಜಿತು. ಇವರಿಗೆ ನೋಡಲಾಗಲಿಲ್ಲ. ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂತರು. "ನೀವೇ ಹೇಳ್ತಾ ಇರಿ" ಅಂದರು. ಮಗಳು ಹೇಳುತ್ತ ಹೋದಳು: ಬೆನ್ನು ಬಿಟ್ಟಿತು, ಹಿಂಗಾಲು ಬಿಟ್ಟಿತು, ಈಗ ಮುಂಗಾಲು ಬಾಯಿಗೆ ಹಾಕ್ಕೊಂಡಿದೆ ಅಪ್ಪ, ಕೈಗವಸು ಕಳಚಿದ ಹಾಗೆ ಎಳೀತಿದೆ. ಕೊನೆಗೆ ಅವಳು ಟಾರ್ಚು ಹಿಡಿದು ಒಂದೊಂದು ಬೆರಳೂ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು.

"ಹೇಳೇ" ಅಂದೆ ನಾನು.

"ಎಲ್ಲಾ ಕ್ಲೀನ್. ಎಲ್ಲಾ ಬೆರಳೂ."

ಇವರು ಕುರ್ಚಿ ತಿರುಗಿಸಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು. ನಾವು ಅವರನ್ನು ಹಾಗೇ ಬಿಟ್ಟೆವು.

ಡಾಕ್ಟರಮ್ಮ ಎರಡು ದಿನ ಬಿಟ್ಟು ಬಂದರು. ಚುಕ್ಕಿಯನ್ನು ಕೈಯಲ್ಲಿ ಹಿಡಿದು ಬೆರಳು, ಕಣ್ಣು, ಬಾಲದ ತುದಿ ಎಲ್ಲ ನೋಡಿದರು. ಪೆಟ್ಟಿಗೆಯೊಳಗೆ ಕೈ ಹಾಕಿ ನೆಲ ಒತ್ತಿದರು, ಕಲ್ಲು ಅಲುಗಿಸಿ ನೋಡಿದರು. ಒಂದು ಮೂಲೆಯಲ್ಲಿ ಚುಕ್ಕಿ ಆಗಲೇ ಬಿಲ ತೋಡಿ ಮಣ್ಣು ಗುಡ್ಡೆ ಹಾಕಿತ್ತು.

"ನೆಲ ಚೆನ್ನಾಗಿದೆ. ಇಲ್ಲೇ ಇರಲಿ. ಆದ್ರೆ ಒಂದು ಮಾತು ಕೇಳ್ಬೇಕು ಯಜಮಾನ್ರೇ. ಇದು ಇನ್ನೂ ಚಿಕ್ಕದು. ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಹದಿನೈದು ವರ್ಷ ಇರುತ್ತೆ. ಅಲ್ಲೀವರೆಗೂ ನೋಡ್ಕೋತೀರಾ?"

ಡಾಕ್ಟರಮ್ಮ ಬೇರೆ ಅರ್ಥದಲ್ಲಿ ಕೇಳಿರಲಿಲ್ಲ. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಇರಬೇಕು. ಆದರೆ ಮಗಳು ನೆಲ ನೋಡಿದಳು. ನಾನು ಸೂಜಿಗೆ ದಾರ ಪೋಣಿಸುವವಳಂತೆ ಬಗ್ಗಿದೆ. ಸೂಜಿಯಲ್ಲಿ ಆಗಲೇ ದಾರ ಇತ್ತು.

"ಹದಿನೈದು ವರ್ಷ" ಎಂದರು ಇವರು. ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ದೊಡ್ಡ ಹಜಾರದ ಕೆಲಸ ಒಪ್ಪಿಕೊಳ್ಳುವ ಮೊದಲು ಹಾಗೆ ನೋಡುತ್ತಿದ್ದರು. ಆಮೇಲೆ ಡಾಕ್ಟರಮ್ಮನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು.

"ಲೇ, ಆ ಎದೆ ಆಸ್ಪತ್ರೆ ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೀತಾರೆ?"

"ಎಂಟಕ್ಕೆ" ಅಂದೆ. ಕಣ್ಣು ತುಂಬಿ ಬಂದು ಸೂಜಿ ಕಾಣಲಿಲ್ಲ, ಆದರೂ ಬಾಯಿ ಸುಮ್ಮನಿರಲಿಲ್ಲ. "ಹದಿನೈದು ವರ್ಷ ಆ ಹಲ್ಲಿ ಜೊತೆ ನಿಮ್ಮನ್ನೂ ಸಾಕೋದು ಅಂತಾಯ್ತು ನನ್ನ ಹಣೇಲಿ."

"ಏಳೂವರೆಗೆ ಹೊರಡೋಣ. ನಡೆಯೋದು ನಿಧಾನ ಆಗುತ್ತೆ" ಅಂದರು ಅವರು.